14 ಪುಟದ ಯೋಜನೆ ಬರೆದೆ, ಮೂರನೇ ವಾರಕ್ಕೇ ಕೈಬಿಟ್ಟೆ. ತಪ್ಪಿದ್ದೆಲ್ಲಿ?

ಅರ್ಧಪುಟ
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ಕೊಂಡು ಹೋಗ್ತಿದ್ದೆ, ಇವತ್ತು ತಡೆಯೋಕಾಗದೆ ಬರೀತಿದ್ದೀನಿ.

ಕೆಲಸದಲ್ಲಿದ್ದುಕೊಂಡೇ ಪಿಎಚ್‌ಡಿ ಮಾಡ್ತಿದ್ದೀನಿ. ಒಂದು ಅಧ್ಯಾಯ ಆಗಿದೆ, ನಾಲ್ಕು ಬಾಕಿ. ಸಲ್ಲಿಸೋಕೆ ಏಳು ತಿಂಗಳು ಇತ್ತು. ಈ ಸಲನಾದ್ರೂ ಶಿಸ್ತಾಗಿ ಮಾಡೋಣ ಅಂತ ಎರಡು ವಾರಾಂತ್ಯ ಕೂತು ಲಿಖಿತ ಯೋಜನೆ ಸಿದ್ಧ ಮಾಡಿದೆ. ಗುರಿ, ಉಪಗುರಿ, ತಿಂಗಳ ಮೈಲಿಗಲ್ಲು, ವಾರದ ಕೆಲಸ, ದಿನಕ್ಕೆ ಎರಡು ಗಂಟೆ. ಸ್ಪ್ರೆಡ್‌ಶೀಟ್‌ನಲ್ಲಿ ಅಧ್ಯಾಯಕ್ಕೊಂದು ಬಣ್ಣ. ಪ್ರಿಂಟ್ ತೆಗೆದ್ರೆ 14 ಪುಟ. ಗೋಡೆಗೆ ಅಂಟಿಸಿದಾಗ ಅರ್ಧ ಪ್ರಬಂಧ ಮುಗಿಸಿದಷ್ಟು ಸಮಾಧಾನ.

ಮೊದಲ ಎರಡು ವಾರ ಗಡಿಯಾರದ ಥರ ನಡೀತು. ಮೂರನೇ ವಾರ ಆಫೀಸಲ್ಲಿ ಒಂದು ತುರ್ತು ಕೆಲಸ, ಅದರ ಬೆನ್ನಿಗೇ ಜ್ವರ. ಒಟ್ಟು 11 ದಿನ ಹೋಯ್ತು. ವಾಪಸ್ ಬಂದು ಫೈಲ್ ತೆರೆದ್ರೆ ಗಡುವು ದಾಟಿದ ಚೌಕಗಳೆಲ್ಲಾ ಕೆಂಪು. ಮುಚ್ಚಿಟ್ಟೆ. ಆಮೇಲೆ ತೆರೆದೇ ಇಲ್ಲ, ಒಂದು ತಿಂಗಳಾಯ್ತು.

ಪ್ರಶ್ನೆ ಇಷ್ಟೇ: ಹೀಗೆ ವಿಧಿವತ್ತಾಗಿ ಯೋಜನೆ ಬರೆಯೋದರಿಂದ ನಿಜವಾಗ್ಲೂ ಉಪಯೋಗ ಇದೆಯಾ? ಅಥವಾ ದಿನಾ ಕೂತು ಕೈಗೆ ಸಿಕ್ಕಿದ್ದು ಬರೀತಾ ಹೋಗೋದೇ ಮೇಲಾ?

ಸುಮ್ನೆ_ಬಂದೆ
ಆ 14 ಪುಟ ಪ್ರಬಂಧಕ್ಕೇ ಬರೆದಿದ್ರೆ ಅರ್ಧ ಅಧ್ಯಾಯ ಆಗ್ತಿತ್ತು.

ಅರ್ಧಪುಟ
ನಮ್ಮ ಗೈಡ್ ಕೂಡ ಅಕ್ಷರಶಃ ಇದನ್ನೇ ಹೇಳಿದ್ರು. ನೀವು ಅವರಲ್ಲ ತಾನೇ?

ಹಂಗೇ_ಹೋಗೋಣ
ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಿ, ಅಷ್ಟೇ. ಯೋಜನೆ ಅನ್ನೋದು ಕೆಲಸ ತಪ್ಪಿಸಿಕೊಳ್ಳೋಕೆ ಇರೋ ಅತ್ಯಂತ ಮರ್ಯಾದಸ್ಥ ದಾರಿ. ಟಿವಿ ನೋಡಿದ್ರೆ ಮನಸ್ಸು ಚುಚ್ಚುತ್ತೆ, ಸ್ಪ್ರೆಡ್‌ಶೀಟ್‌ಗೆ ಬಣ್ಣ ಹಚ್ಚಿದ್ರೆ ಚುಚ್ಚಲ್ಲ. ಹರಿದು ಬಿಸಾಕಿ, ಇವತ್ತು ರಾತ್ರಿ ಒಂದು ಪ್ಯಾರಾ ಬರೀರಿ.

ಗುರಿಕಾರ
ಮೇಲಿನವರ ಮಾತು ಕೇಳಬೇಡಿ. ಯೋಜನೆ ತಪ್ಪಲ್ಲ, ಗುರಿ ಬರೆದ ರೀತಿ ತಪ್ಪಿರಬಹುದು. ಸ್ಮಾರ್ಟ್ (SMART) ಸೂತ್ರ ಗೊತ್ತಲ್ವಾ? ಐದು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿದ್ದು. ನಿರ್ದಿಷ್ಟವಾಗಿರಬೇಕು, ಅಳೆಯೋ ಹಾಗಿರಬೇಕು, ಸಾಧಿಸೋ ಹಾಗಿರಬೇಕು, ವಾಸ್ತವಿಕವಾಗಿರಬೇಕು, ಕಾಲಮಿತಿ ಇರಬೇಕು. "ಸಾಹಿತ್ಯ ಸಮೀಕ್ಷೆ ಮುಗಿಸುವುದು" ಅಂತ ಬರೆದಿದ್ರೆ ಅದು ಗುರಿ ಅಲ್ಲ, ಆಸೆ. "15ನೇ ತಾರೀಖಿನೊಳಗೆ 30 ಲೇಖನ ಓದಿ ತಲಾ ಐದು ಸಾಲು ಟಿಪ್ಪಣಿ" ಅಂತಿದ್ರೆ ಗುರಿ.

ಎಡ್ವಿನ್ ಲಾಕ್ ಅನ್ನೋ ಮನಶ್ಶಾಸ್ತ್ರಜ್ಞ 1968ರಿಂದಲೇ ಇದನ್ನ ಹೇಳ್ತಾ ಬಂದವರು. "ಆದಷ್ಟು ಚೆನ್ನಾಗಿ ಮಾಡು" ಅನ್ನೋದಕ್ಕಿಂತ ಸ್ಪಷ್ಟವಾದ, ಸ್ವಲ್ಪ ಕಷ್ಟದ ಗುರಿ ಕೊಟ್ಟರೆ ಜನ ಹೆಚ್ಚು ಮಾಡ್ತಾರೆ.

ಅಡಿಟಿಪ್ಪಣಿ
ಸಣ್ಣ ತಿದ್ದುಪಡಿ (ನನ್ನ ಹೆಸರೇ ಹೇಳುತ್ತಲ್ಲ). ಸ್ಮಾರ್ಟ್ ಅನ್ನೋದನ್ನ 1981ರಲ್ಲಿ ಒಂದು ನಿರ್ವಹಣಾ ಪತ್ರಿಕೆಯಲ್ಲಿ ಬರೆದಿದ್ದು ಜಾರ್ಜ್ ಡೋರನ್. ಅವರ ಮೂಲ ಪಟ್ಟಿಯಲ್ಲಿ "ಎ" ಅಂದ್ರೆ ಸಾಧಿಸೋ ಹಾಗಿರೋದು ಅಲ್ಲ, ಅಸೈನಬಲ್. ಅಂದ್ರೆ ಈ ಕೆಲಸ ಯಾರ ಹೆಗಲಿಗೆ ಅನ್ನೋದು ಸ್ಪಷ್ಟ ಇರಬೇಕು ಅಂತ. ಅದೂ ಅಲ್ದೆ ಪ್ರತಿಯೊಂದು ಗುರಿಗೂ ಐದೂ ಲಕ್ಷಣ ಇರಲೇಬೇಕು ಅಂತೇನಿಲ್ಲ ಅಂತ ಅವರೇ ಅದೇ ಲೇಖನದಲ್ಲಿ ಹೇಳಿದ್ದಾರೆ. ಆ ಸಾಲು ಯಾವ ತರಬೇತಿಯ ಸ್ಲೈಡ್‌ನಲ್ಲೂ ಬರಲ್ಲ.

ಗುರಿಕಾರ
ಒಬ್ಬನೇ ಬರೆಯೋ ಪ್ರಬಂಧಕ್ಕೆ "ಯಾರ ಹೆಗಲಿಗೆ" ಅನ್ನೋ ಪ್ರಶ್ನೆ ಯಾಕೆ ಸ್ವಾಮಿ? ಇರೋದೇ ಒಂದು ಜೋಡಿ ಹೆಗಲು.

ಅಡಿಟಿಪ್ಪಣಿ
ಹೌದಾ? ಅಧ್ಯಾಯ ಓದಿ ತಿದ್ದೋದು ಗೈಡ್. ಒಪ್ಪಿಗೆ ಕೊಡೋದು ಸಮಿತಿ. ದತ್ತಾಂಶ ಕೊಡೋರು ಇನ್ಯಾರೋ. ಅರ್ಧಪುಟ ಅವರೇ, ಗೈಡ್ ಒಂದು ಅಧ್ಯಾಯ ಓದಿ ವಾಪಸ್ ಕೊಡೋಕೆ ಎಷ್ಟು ದಿನ ತಗೋತಾರೆ? ಅದು ನಿಮ್ಮ 14 ಪುಟದಲ್ಲಿ ಎಲ್ಲಿದೆ?

ಅರ್ಧಪುಟ
ಮೂರರಿಂದ ನಾಲ್ಕು ವಾರ. ಎಲ್ಲೂ ಇಲ್ಲ.

ಎಲ್ಲೂ ಇಲ್ಲ!! ನಾಲ್ಕು ಅಧ್ಯಾಯಕ್ಕೆ ತಲಾ ಮೂರು ವಾರ ಅಂದ್ರೆ ಮೂರು ತಿಂಗಳು ಗಾಳಿಗೆ ಹೋಯ್ತು.

ಸುಮ್ನೆ_ಬಂದೆ
ಬಣ್ಣ ಖಾಲಿಯಾಗಿತ್ತೇನೋ.

ಮುಂಜಾನೆ_ಐದು
ಸ್ನೇಹಿತರೇ, ಬರೆದಿಟ್ಟ ಗುರಿಯ ಶಕ್ತಿಯನ್ನು ಕಡೆಗಣಿಸಬೇಡಿ! 1953ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪದವೀಧರರಲ್ಲಿ ಕೇವಲ 3% ಜನ ಗುರಿಗಳನ್ನು ಬರೆದಿಟ್ಟಿದ್ದರು. 20 ವರ್ಷದ ನಂತರ ನೋಡಿದರೆ ಆ 3% ಜನರ ಸಂಪತ್ತು ಉಳಿದ 97% ಜನರ ಒಟ್ಟು ಸಂಪತ್ತಿಗಿಂತ ಹೆಚ್ಚಿತ್ತು! ಗೋಡೆಯಿಂದ ಆ ಯೋಜನೆಯನ್ನು ದಯವಿಟ್ಟು ತೆಗೆಯಬೇಡಿ!

ಅಡಿಟಿಪ್ಪಣಿ
ಅಂಥ ಅಧ್ಯಯನವೇ ನಡೆದಿಲ್ಲ. ಭಾಷಣಕಾರರು ಒಬ್ಬರಿಂದೊಬ್ಬರು ಎತ್ತಿಕೊಂಡ ಕಥೆ ಅದು. 1996ರಲ್ಲೇ ಒಂದು ಪತ್ರಿಕೆ ಮೂಲ ಹುಡುಕ್ತಾ ಹೋಯ್ತು, ಪ್ರತಿ ಭಾಷಣಕಾರನೂ ಇನ್ನೊಬ್ಬನ ಕಡೆ ಬೆರಳು ತೋರಿಸಿದ. ಯೇಲ್‌ನವರೂ ನಮ್ಮಲ್ಲಿ ಅಂಥದ್ದು ನಡೆದ ದಾಖಲೆ ಇಲ್ಲ ಅಂದ್ರು.

ಮುಂಜಾನೆ_ಐದು
ಕಥೆ ಸುಳ್ಳಾದರೂ ಸಂದೇಶ ನಿಜ.

ಹಂಗೇ_ಹೋಗೋಣ
ಇದನ್ನೇ ಪ್ರಬಂಧದಲ್ಲಿ ಬರೆದು ನೋಡಿ, ಪರೀಕ್ಷಕರು ಏನಂತಾರೆ ಅಂತ.

ಕೆಂಪು_ಶಾಯಿ
ಎರಡು ವರ್ಷದ ಹಿಂದೆ ಪ್ರಬಂಧ ಸಲ್ಲಿಸಿ ಬದುಕಿ ಬಂದವಳು ನಾನು, ಸ್ವಲ್ಪ ಉದ್ದ ಬರೀತೀನಿ.

ಯೇಲ್ ಕಥೆ ಬಿಡಿ. ಪ್ರಬಂಧ ಬರೆಯೋರ ಮೇಲೇ ನಡೆದ ನಿಜವಾದ ಅಧ್ಯಯನ ಇದೆ. 1994ರಲ್ಲಿ ಬ್ಯೂಲರ್, ಗ್ರಿಫಿನ್, ರಾಸ್ ಅನ್ನೋ ಮೂವರು ಮನಶ್ಶಾಸ್ತ್ರದ ವಿದ್ಯಾರ್ಥಿಗಳನ್ನ ಹಿಡಿದು, ನಿಮ್ಮ ಆನರ್ಸ್ ಪ್ರಬಂಧ ಯಾವಾಗ ಮುಗಿಯುತ್ತೆ ಅಂತ ಕೇಳಿದ್ರು. ಸರಾಸರಿ ಉತ್ತರ 33.9 ದಿನ. ಎಲ್ಲಾ ಕೆಟ್ಟು ಕೂತರೆ ಎಷ್ಟು ದಿನ ಅಂತಾನೂ ಕೇಳಿದ್ರು, 48.6 ದಿನ ಅಂದ್ರು. ನಿಜವಾಗಿ ಆಗಿದ್ದು 55.5 ದಿನ. ಗಮನಿಸಿ, "ಎಲ್ಲಾ ಕೆಟ್ಟರೆ" ಅಂತ ಊಹಿಸಿದ್ದಕ್ಕಿಂತಲೂ ವಾಸ್ತವ ಉದ್ದ! ತಾವು ಹೇಳಿದ ದಿನಕ್ಕೆ ಮುಗಿಸಿದವರು ಹತ್ತರಲ್ಲಿ ಮೂವರು.

ಇದಕ್ಕೆ ಯೋಜನಾ ಭ್ರಮೆ ಅಂತ 1979ರಲ್ಲೇ ಕಾನೆಮನ್ ಮತ್ತು ಟ್ವರ್ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞರು ಹೆಸರಿಟ್ಟಿದ್ರು. ತಮಾಷೆ ಏನಂದ್ರೆ ಆ ಕಾನೆಮನ್ನೇ ಅದಕ್ಕೆ ಬಿದ್ದಿದ್ರು. ಇಸ್ರೇಲಿನ ಪ್ರೌಢಶಾಲೆಗಳಿಗೆ ಒಂದು ಪಠ್ಯ ಬರೆಯೋ ತಂಡದಲ್ಲಿದ್ದರು. ಎಲ್ಲರೂ ಸೇರಿ ಸುಮಾರು ಎರಡು ವರ್ಷ ಅಂದುಕೊಂಡ್ರು. ಅದೇ ತಂಡದಲ್ಲಿದ್ದ ಪಠ್ಯಕ್ರಮ ತಜ್ಞರನ್ನ, ಇಂಥ ಬೇರೆ ತಂಡಗಳಿಗೆ ಎಷ್ಟು ಸಮಯ ಹಿಡೀತು ಅಂತ ಕೇಳಿದಾಗ ಆತ ತಡವರಿಸಿ, ಏಳು ವರ್ಷಕ್ಕಿಂತ ಕಡಿಮೆ ಯಾರಿಗೂ ಆಗಿಲ್ಲ, ಎಷ್ಟೋ ತಂಡ ಮುಗಿಸಲೇ ಇಲ್ಲ ಅಂದ್ರಂತೆ. ಐದು ನಿಮಿಷದ ಮುಂಚೆ ಅದೇ ಮನುಷ್ಯನೂ ಎರಡು ವರ್ಷ ಅಂತಲೇ ಬರೆದಿದ್ದು! ಕೊನೆಗೆ ಹಿಡಿದಿದ್ದು ಎಂಟು ವರ್ಷ.

ಆದ್ದರಿಂದ "ಈ ಅಧ್ಯಾಯಕ್ಕೆ ಎಷ್ಟು ದಿನ ಬೇಕು" ಅಂತ ಕೇಳಿಕೊಳ್ಳಬೇಡಿ, ಅದಕ್ಕೆ ಮನಸ್ಸು ಯಾವಾಗಲೂ ಸುಳ್ಳು ಹೇಳುತ್ತೆ. "ಹಿಂದಿನ ಅಧ್ಯಾಯಕ್ಕೆ ಎಷ್ಟು ದಿನ ಆಯ್ತು" ಅಂತ ಕೇಳಿಕೊಳ್ಳಿ. ಎಷ್ಟಾಯ್ತು?

ಅರ್ಧಪುಟ
ಹೇಳೋಕೆ ನಾಚಿಕೆ ಆಗುತ್ತೆ. ಐದು ತಿಂಗಳು.

ಸುಮ್ನೆ_ಬಂದೆ
ಒಂದಕ್ಕೆ ಐದು ತಿಂಗಳು, ನಾಲ್ಕಕ್ಕೆ ಏಳು ತಿಂಗಳು. ಸಗಟು ರಿಯಾಯಿತಿ.

ಮಾರಾಯ್ತಿ
ಅಯ್ಯೋ ಮಾರಾಯ್ರೇ, ನಗಾಡಿ ಸುಸ್ತಾಯ್ತು. ಆದ್ರೆ ನಾನೂ ಹಾಗೇ ಉಂಟು. ಪ್ರತಿ ಸಲ "ಹಿಂದಿನ ಸಲ ಬೇರೆ ಕಾರಣ ಇತ್ತು, ಈ ಸಲ ಹಾಗೆ ಆಗ್ಲಿಕ್ಕಿಲ್ಲ" ಅಂತ ಅನಿಸುವುದು. ಆ ಬೇರೆ ಕಾರಣ ಪ್ರತಿ ಸಲವೂ ಬರ್ತದೆ, ಅಂಗಿ ಮಾತ್ರ ಬದಲಾಯಿಸಿಕೊಂಡು ಬರ್ತದೆ.

ಸೈಟ್_ಇಂಜಿನಿಯರ್
ಕಟ್ಟಡ ನಿರ್ಮಾಣದಲ್ಲಿ 18 ವರ್ಷ ಇದ್ದೀನಿ. ನಮ್ಮಲ್ಲಿ ಹೆಸರಾಂತ ಉದಾಹರಣೆ ಸಿಡ್ನಿ ಒಪೆರಾ ಹೌಸ್. 1963ಕ್ಕೆ ಮುಗಿಯುತ್ತೆ, 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ಸಾಕು ಅಂದಿದ್ರು. ಬಾಗಿಲು ತೆರೆದಿದ್ದು 1973ರಲ್ಲಿ, ಖರ್ಚು 10 ಕೋಟಿ 20 ಲಕ್ಷ. ಛಾವಣಿಯ ಆ ಚಿಪ್ಪುಗಳನ್ನ ಹೇಗೆ ಕಟ್ಟೋದು ಅನ್ನೋ ಲೆಕ್ಕಾಚಾರ ಬಗೆಹರಿಯೋಕೆ ಮುಂಚೆಯೇ ಅಡಿಪಾಯದ ಕೆಲಸ ಶುರು ಮಾಡಿದ್ರು. ಆಮೇಲೆ ಛಾವಣಿ ಭಾರ ಹೊರೋಕಾಗದ ಕಂಬಗಳನ್ನ ಒಡೆದು ಮತ್ತೆ ಕಟ್ಟಬೇಕಾಯ್ತು. ಈ ವಾಕ್ಯ ಇನ್ನೊಂದ್ಸಲ ಓದಿ ಅರ್ಧಪುಟ ಅವರೇ, ನಿಮಗೆ ಕೆಲಸಕ್ಕೆ ಬರುತ್ತೆ.

ಇನ್ನು ಲೆಕ್ಕದ ವಿಷಯ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಪರ್ಟ್ ಅನ್ನೋ ವಿಧಾನ ಮಾಡ್ತು. ಒಂದು ಕೆಲಸಕ್ಕೆ ಮೂರು ಅಂದಾಜು ಹಾಕೋದು: ಎಲ್ಲಾ ಸುಸೂತ್ರವಾದರೆ, ಮಾಮೂಲಿಯಾದರೆ, ಎಡವಟ್ಟಾದರೆ. ಮಧ್ಯದ್ದನ್ನ ನಾಲ್ಕರಿಂದ ಗುಣಿಸಿ, ಮೂರನ್ನೂ ಕೂಡಿ, ಆರರಿಂದ ಭಾಗಿಸೋದು. ನಿಮ್ಮ ಅಧ್ಯಾಯಕ್ಕೆ 6, 8, 20 ವಾರ ಅಂದ್ಕೊಳ್ಳಿ. 6 + 32 + 20 = 58, ಆರರಿಂದ ಭಾಗಿಸಿದ್ರೆ ಹತ್ತಿರ ಹತ್ತಿರ 10 ವಾರ. ನಾಲ್ಕು ಅಧ್ಯಾಯ 40 ವಾರ. ಏಳು ತಿಂಗಳು ಅಂದ್ರೆ 30 ವಾರ. ಮೊದಲ ದಿನವೇ ಕಾಣಬೇಕಿತ್ತು.

ಎರಡನೇದು, ಅವಲಂಬನೆ. ಯಾವ ಕೆಲಸ ಮುಗಿಯದೆ ಯಾವುದು ಶುರುವಾಗಲ್ಲ ಅಂತ ಬಾಣ ಹಾಕಿ. ಅತಿ ಉದ್ದದ ಸರಪಳಿಯೇ ನಿರ್ಣಾಯಕ ಹಾದಿ. ಆ ಹಾದಿಯಲ್ಲಿ ಒಂದು ದಿನ ತಡವಾದ್ರೆ ಇಡೀ ಯೋಜನೆ ಒಂದು ದಿನ ತಡ. ಅದರಾಚೆ ಇರೋ ಕೆಲಸ ಸ್ವಲ್ಪ ಜಾರಿದ್ರೂ ನಿದ್ದೆ ಕೆಡಿಸ್ಕೋಬೇಕಿಲ್ಲ. ನಿಮ್ಮ 11 ದಿನ ಯಾವುದರಲ್ಲಿ ಹೋಯ್ತು ಅಂತ ನೋಡಿದೀರಾ? ಎಲ್ಲಾ ಕೆಂಪು ಒಂದೇ ಕೆಂಪಲ್ಲ.

ಅಡಿಟಿಪ್ಪಣಿ
ಪರ್ಟ್ ಬಗ್ಗೆ ಒಂದು ಮಾತು. ಪೊಲಾರಿಸ್ ಬೇಗ ಮುಗಿದಿದ್ದು ಪರ್ಟ್‌ನಿಂದ ಅಂತ ಎಲ್ಲೆಡೆ ಬರೀತಾರೆ. 1972ರಲ್ಲಿ ಹಾರ್ವಿ ಸಪೋಲ್ಸ್ಕಿ ಅನ್ನೋ ಸಂಶೋಧಕ ಆ ಯೋಜನೆಯನ್ನ ಕೆದಕಿ ನೋಡಿದಾಗ ಬೇರೆಯೇ ಚಿತ್ರ ಸಿಕ್ತು: ಒಳಗಿನ ಎಷ್ಟೋ ಜನ ಅದನ್ನ ಹೆಚ್ಚು ಬಳಸಲೇ ಇಲ್ಲ. ಹೊರಗಿನ ಅಧಿಕಾರಿಗಳು ಬಂದು ಮೂಗು ತೂರಿಸದ ಹಾಗೆ ತಡೆಯೋಕೆ ಆ ಭವ್ಯ ನಕ್ಷೆಗಳು ಚೆನ್ನಾಗಿ ಕೆಲಸ ಮಾಡಿದ್ವು.

ಹಂಗೇ_ಹೋಗೋಣ
ನೋಡಿ! ಎರಡು ದಿನದಿಂದ ನಾನು ಹೇಳ್ತಿರೋದೇ ಇದು. ಯೋಜನೆ ಇರೋದು ಬೇರೆಯವರಿಗೆ ತೋರಿಸೋಕೆ.

ಸೈಟ್_ಇಂಜಿನಿಯರ್
ತೋರಿಸೋಕೂ ಬರುತ್ತೆ, ಕಟ್ಟೋಕೂ ಬರುತ್ತೆ. ನಕ್ಷೆ ಇಲ್ಲದೆ ಕಟ್ಟಿದ ಮನೆಯಲ್ಲಿ ನೀವು ಮಲಗ್ತೀರಾ?

ಹಂಗೇ_ಹೋಗೋಣ
ಪ್ರಬಂಧ ಮನೆ ಅಲ್ಲ. ಬರೀತಾ ಬರೀತಾನೇ ಏನು ಬರೀಬೇಕು ಅಂತ ಗೊತ್ತಾಗೋದು. ಐಸೆನ್‌ಹೋವರ್ ಅಂಥ ದಂಡನಾಯಕನೇ 1957ರ ಭಾಷಣದಲ್ಲಿ ಯೋಜನೆಗಳಿಗೆ ಬೆಲೆ ಇಲ್ಲ ಅಂದಿದ್ದಾರೆ.

ಕೆಂಪು_ಶಾಯಿ
ಅರ್ಧ ವಾಕ್ಯ ನುಂಗಿಬಿಟ್ರಿ. ಯೋಜನೆಗಳಿಗೆ ಬೆಲೆ ಇಲ್ಲ, ಆದರೆ ಯೋಜಿಸೋದೇ ಎಲ್ಲ ಅಂತ ಇದೆ ಅದು. ಅವರು ಹೇಳಿದ್ದು ತುರ್ತು ಪರಿಸ್ಥಿತಿಗಳ ಬಗ್ಗೆ. ತುರ್ತು ಅಂದ್ರೇನೇ ಅನಿರೀಕ್ಷಿತ, ಹಾಗಾಗಿ ಬರೆದಂತೆ ನಡೆಯಲ್ಲ, ಆದರೆ ಮುಂಚೆ ಕೂತು ಯೋಚಿಸಿದವನ ತಲೆ ಆ ಹೊತ್ತಿಗೆ ಕೆಲಸ ಮಾಡುತ್ತೆ ಅನ್ನೋ ಅರ್ಥದಲ್ಲಿ.

ದಕ್ಷಿಣಧ್ರುವ
ಯೋಜನೆ ಅಂದ ಮೇಲೆ ನನ್ನ ಹುಚ್ಚು ಬಿಚ್ಚದೆ ಇರೋಕಾಗಲ್ಲ, ಕ್ಷಮಿಸಿ. ದಕ್ಷಿಣ ಧ್ರುವವನ್ನ ಮೊದಲು ತಲುಪೋಕೆ ಪೈಪೋಟಿಗೆ ಬಿದ್ದ ಅಮುಂಡ್ಸನ್ ಮತ್ತು ಸ್ಕಾಟ್.

ಅಮುಂಡ್ಸನ್ ದಕ್ಷಿಣ ಧ್ರುವ ತಲುಪಿದ್ದು 1911ರ ಡಿಸೆಂಬರ್ 14. ಸ್ಕಾಟ್ ತಲುಪಿದ್ದು 1912ರ ಜನವರಿ 17, ವಾಪಸ್ ಬರೋ ದಾರಿಯಲ್ಲಿ ಐವರೂ ಸತ್ತರು. ಎಲ್ಲರೂ ಅಮುಂಡ್ಸನ್‌ನ ನಾಯಿ, ಸ್ಕಾಟ್‌ನ ಕುದುರೆ ಅಂತ ಮಾತಾಡ್ತಾರೆ. ನನಗೆ ಹಿಡಿಸೋದು ಸಣ್ಣ ಸಂಗತಿಗಳು. ಹಿಮದ ಬಯಲಲ್ಲಿ ಮೊದಲೇ ಇಟ್ಟು ಬಂದ ದಾಸ್ತಾನನ್ನ ವಾಪಸ್ ಬರುವಾಗ ಹುಡುಕೋದು ಹೇಗೆ? ಅಮುಂಡ್ಸನ್ ದಾಸ್ತಾನಿನ ಎಡಕ್ಕೂ ಬಲಕ್ಕೂ ದಾರಿಗೆ ಅಡ್ಡಲಾಗಿ ಮೈಲಿಗಟ್ಟಲೆ ಬಾವುಟಗಳ ಸಾಲು ನೆಟ್ಟ. ದಾರಿ ತಪ್ಪಿ ಎಷ್ಟೋ ದೂರ ಪಕ್ಕಕ್ಕೆ ಬಂದ್ರೂ ಯಾವುದೋ ಒಂದು ಬಾವುಟ ಕಣ್ಣಿಗೆ ಬೀಳಬೇಕು. ಅಂದ್ರೆ ತಾನು ತಪ್ಪೇ ತಪ್ಪುತ್ತೇನೆ ಅಂತ ಲೆಕ್ಕ ಹಾಕಿಯೇ ಯೋಜನೆ ಮಾಡಿದ ಮನುಷ್ಯ.

ಸ್ಕಾಟ್ ತನ್ನ ದೊಡ್ಡ ದಾಸ್ತಾನನ್ನ 80 ಡಿಗ್ರಿ ಅಕ್ಷಾಂಶದಲ್ಲಿ ಇಡಬೇಕು ಅಂತಿದ್ದ. ಕುದುರೆಗಳು ಸೋತವು ಅಂತ 50 ಕಿ.ಮೀ.ಗೂ ಹೆಚ್ಚು ಹಿಂದೆಯೇ ಇಟ್ಟು ಬಂದ. ಕೊನೆಯ ಡೇರೆ ಬಿದ್ದಿದ್ದು ಆ ದಾಸ್ತಾನಿಗೆ ಸುಮಾರು 20 ಕಿ.ಮೀ. ದೂರದಲ್ಲಿ. ಇನ್ನೊಂದು: ನಾಲ್ವರಿಗೆ ಅಂತ ಕಟ್ಟಿದ ಪಡಿತರ, ಆದ್ರೆ ಧ್ರುವದ ಕಡೆಗಿನ ಕೊನೇ ಹಂತಕ್ಕೆ ಐವರನ್ನ ಕರ್ಕೊಂಡು ಹೋದ. ದಾಸ್ತಾನಲ್ಲಿಟ್ಟಿದ್ದ ಸೀಮೆಎಣ್ಣೆ ಡಬ್ಬಗಳ ಮುಚ್ಚಳದ ಚರ್ಮದ ವಾಷರ್ ಚಳಿಗೆ ಕೆಟ್ಟು, ಸೋರಿ ಎಣ್ಣೆ ಕಮ್ಮಿಯಾಗಿತ್ತು. ಅಮುಂಡ್ಸನ್ ತನ್ನ ಡಬ್ಬಗಳಿಗೆ ಬೆಸುಗೆ ಹಾಕಿಸಿದ್ದ.

ಎರೆಮಣ್ಣು
ಸರ, ಛಲೋ ಹೇಳಿದ್ರಿ, ಆದ್ರ ಸ್ಕಾಟ್‌ಗ ಪಾಪ ಎಲ್ಲಾ ತಪ್ಪು ಹೊರಿಸಬ್ಯಾಡ್ರಿ. ಆ ಮಾರ್ಚ್‌ನ್ಯಾಗ ಚಳಿ ವಾಡಿಕೆಗಿಂತ ಭಾಳ ಜಾಸ್ತಿ ಇತ್ತು ಅಂತ ಸೂಸನ್ ಸಾಲೊಮನ್ ಅನ್ನೋ ಹವಾಮಾನ ವಿಜ್ಞಾನಿ ಲೆಕ್ಕ ಹಾಕಿ ತೋರ್ಸ್ಯಾರ. ಗೆದ್ದಾಂವನ ಯೋಜನೆ ಎಲ್ಲಾ ಶಾಣ್ಯಾತನ, ಸೋತಾಂವನದ್ದೆಲ್ಲಾ ದಡ್ಡತನ ಅಂತ ಆಮ್ಯಾಲೆ ಕುಂತು ಹೇಳೂದು ಹಗರು.

ದಕ್ಷಿಣಧ್ರುವ
ಒಪ್ಪಿದೆ. ಅಮುಂಡ್ಸನ್ ಕೂಡ ಎಡವಿದ್ದಾನೆ. ಸ್ಕಾಟ್ ಮುಂದೆ ಹೋಗಿಬಿಟ್ಟಾನು ಅನ್ನೋ ಆತಂಕದಲ್ಲಿ 1911ರ ಸೆಪ್ಟೆಂಬರ್ 8ಕ್ಕೇ ಹೊರಟ. ಸೊನ್ನೆಗಿಂತ 50 ಡಿಗ್ರಿ ಕೆಳಗಿನ ಚಳಿ, ನಾಯಿಗಳ ಪಾದ ಹೋಯ್ತು, ಜನರ ಹಿಮ್ಮಡಿ ಹೆಪ್ಪುಗಟ್ಟಿತು. ವಾಪಸ್ ಬಂದ, ತಂಡದಲ್ಲಿ ಜಗಳವೂ ಆಯ್ತು. ಆಮೇಲೆ ಎಂಟು ಜನರ ಬದಲು ಐದೇ ಜನರನ್ನ ಇಟ್ಟುಕೊಂಡು ಅಕ್ಟೋಬರ್‌ನಲ್ಲಿ ಮತ್ತೆ ಹೊರಟ. ಇಲ್ಲಿ ಇದನ್ನ ತಂದಿದ್ದು ಅದಕ್ಕೇ. ಮೊದಲ ಹೆಜ್ಜೆಯಲ್ಲೇ ಅವನ ಯೋಜನೆ ಮುರೀತು. ಆದ್ರೆ ಗೋಡೆ ಮೇಲಿನ ಹಾಳೆ ನೋಡಿ ಒಂದು ತಿಂಗಳು ಕೈಕಟ್ಟಿ ಕೂರಲಿಲ್ಲ.

ಅರ್ಧಪುಟ
ಏಟು ಬಿತ್ತು.

ನಿರ್ವಾಹಕರು
ಧ್ರುವ ಪ್ರವಾಸ ಸೊಗಸಾಗಿತ್ತು. ಇನ್ನು ಮೂಲ ಪ್ರಶ್ನೆಗೆ ಬನ್ನಿ. ನಾಯಿ-ಕುದುರೆ ವಾದಕ್ಕೆ ಬೇರೆ ಎಳೆ ತೆರೆಯಬಹುದು.

ನೈಟ್_ಶಿಫ್ಟ್
ನಾನು ನರ್ಸ್. ವಾರದ ವೇಳಾಪಟ್ಟಿ ಅನ್ನೋದು ನನ್ನ ಬದುಕಲ್ಲಿ ಹಾಸ್ಯ. ಯಾವತ್ತು ಯಾವ ಪಾಳಿ ಅಂತ ಕೊನೇ ಗಳಿಗೆಯಲ್ಲಿ ಬದಲಾಗುತ್ತೆ. ಆದರೂ ಕಳೆದ ವರ್ಷ ಒಂದು ವಿಶೇಷ ಪರಿಣತಿಯ ಪರೀಕ್ಷೆ ಪಾಸಾದೆ. ಹೇಗೆ ಅಂತ ಹೇಳ್ತೀನಿ, ಯಾರಿಗಾದ್ರೂ ಆದೀತು.

ಸೋಮವಾರ ಇದು, ಮಂಗಳವಾರ ಅದು ಅಂತ ಬರೆಯೋದು ಬಿಟ್ಟೆ. ಮೂರು ಥರದ ದಿನಕ್ಕೆ ಮೂರು ಪಟ್ಟಿ ಮಾಡಿದೆ. ಒಳ್ಳೆ ದಿನ ಅಂದ್ರೆ ಹೊಸ ಪಾಠ, ಎರಡು ಗಂಟೆ. ಮಾಮೂಲಿ ದಿನ ಅಂದ್ರೆ ಹಳೇ ಪಾಠದ ಪ್ರಶ್ನೆಗಳು, 40 ನಿಮಿಷ. ಕೆಟ್ಟ ದಿನ ಅಂದ್ರೆ ಪುಸ್ತಕ ತೆರೆದು ನಿನ್ನೆ ಎಲ್ಲಿ ನಿಲ್ಲಿಸಿದ್ದೆ ಅಂತ ಒಂದು ಪುಟ ನೋಡಿ ಮುಚ್ಚೋದು. ಅಷ್ಟೇ, ಮೂರು ನಿಮಿಷ. ಈ ಮೂರನೇದು ಬಹಳ ಮುಖ್ಯ ಆಯ್ತು ನನಗೆ. ಸತತ ಒಂಬತ್ತು ದಿನ ಕೆಟ್ಟ ದಿನಗಳೇ ಬಂದಿದ್ವು, ಮನೆಯಲ್ಲೂ ಹುಷಾರಿರಲಿಲ್ಲ. ಆದರೆ ಹತ್ತನೇ ದಿನ ಪುಸ್ತಕ ಅಪರಿಚಿತ ಅನ್ನಿಸಲಿಲ್ಲ. ಅರ್ಧಪುಟ ಅವರಿಗೆ ಫೈಲ್ ತೆರೆಯೋಕೇ ಭಯ ಆಗ್ತಿರೋದು ಅದಕ್ಕೇ ಅಂತ ನನ್ನ ಊಹೆ. ಅವರ ಯೋಜನೆಯಲ್ಲಿ ಇದ್ದದ್ದು ಒಂದೇ ಥರದ ದಿನ.

ಮಾರಾಯ್ತಿ
ಇದು ನಂಗೆ ಭಾರೀ ಲಾಯ್ಕಾಯ್ತು. ಕದ್ದುಕೊಳ್ತೇನೆ.

ಎರೆಮಣ್ಣು
ಅಕ್ಕಾರು ಹೇಳಿದ್ದಕ್ಕ ಶಾಸ್ತ್ರಾನೂ ಐತ್ರಿ. ಪೀಟರ್ ಗೋಲ್ವಿಟ್ಜರ್ ಅಂತ ಒಬ್ರು ಮನಶ್ಶಾಸ್ತ್ರದವರು ಅದಾರ. "ನಾ ಇದನ್ನ ಮಾಡ್ತೀನಿ" ಅಂತ ಗುರಿ ಇಟ್ಕೊಳ್ಳೂದು ಒಂದು, "ಹಿಂಗ ಆದ್ರ ಹಂಗ ಮಾಡ್ತೀನಿ" ಅಂತ ಕಟ್ಟಿ ಇಟ್ಕೊಳ್ಳೂದು ಇನ್ನೊಂದು ಅಂತಾರ ಅವ್ರು. 2006ರಾಗ ಅವ್ರೂ ಶೀರನ್ ಅನ್ನೋರೂ ಕೂಡಿ 94 ಪ್ರಯೋಗ ಒಟ್ಟು ಮಾಡಿ ನೋಡಿದ್ರು, ಎರಡನೇದ್ದರಿಂದ ಛಲೋ ಫರಕ್ ಬಿದ್ದಿತ್ತು. ಕಾರಣ ಸರಳ ಐತಿ. ದಣಿದು ಬಂದಾಗ ಏನ ಮಾಡೂದು ಅಂತ ಅವಾಗ ವಿಚಾರ ಮಾಡಾಕ ಹೋದ್ರ ಮನಸು ಹಾಸಿಗಿ ಕಡೇನ ಎಳೀತೈತಿ. ಮೊದ್ಲ ತೀರ್ಮಾನ ಆಗಿದ್ರ ವಿಚಾರ ಮಾಡೂ ಪ್ರಸಂಗನ ಇಲ್ಲ.

ನಂದ ಒಂದು: "ಎರಡ ದಿನ ತಪ್ಪಿದ್ರ, ಮೂರನೇ ದಿನ ಹಿಂದಿನ ಬಾಕಿ ಮುಟ್ಟಂಗಿಲ್ಲ, ಅವತ್ತಿಂದ ಅಷ್ಟ ಮಾಡೂದು." ಬಾಕಿ ತೀರಿಸಾಕ ಹೋಗಿ ಹೋಗೇ ನಾ ಹಾಳಾಗಿದ್ದು.

ಗುರಿಕಾರ
ಇದೆಲ್ಲ ಸರಿ, ಆದ್ರೆ ಅಳತೆ ಬೇಡ್ವಾ? ಮೂರು ನಿಮಿಷ ಪುಸ್ತಕ ನೋಡೋದನ್ನ ಪ್ರಗತಿ ಅಂದ್ರೆ ಯಾರೂ ಏನೂ ಮುಗಿಸಲ್ಲ. ಕಾಲಾವಕಾಶ ಸಡಿಲ ಬಿಟ್ಟಷ್ಟೂ ಕೆಲಸ ಹಿಗ್ಗುತ್ತೆ ಅಂತ ಪಾರ್ಕಿನ್ಸನ್ ಅನ್ನೋ ಲೇಖಕ 1955ರಲ್ಲೇ ಹೇಳಿದ್ದಾರೆ. ದಿನಕ್ಕೆ 500 ಪದ ಅಂತ ಇಟ್ಕೊಳ್ಳಿ, ಎಣಿಸಿ, ಬರೆದಿಡಿ.

ಕೆಂಪು_ಶಾಯಿ
500 ಪದ ನಾನೂ ಇಟ್ಕೊಂಡಿದ್ದೆ. ಎರಡು ತಿಂಗಳು ದಿನಾ ತಪ್ಪದೆ 500. ಆಮೇಲೆ ಓದಿ ನೋಡಿದ್ರೆ ಉದ್ಧರಣೆಗಳು ಉದ್ದ ಆಗಿವೆ, "ಈ ಹಿನ್ನೆಲೆಯಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ" ಅಂತ ಪ್ರತಿ ಪ್ಯಾರಾ ಶುರು. ಐದು ಪದ ಉಚಿತವಾಗಿ ಸಿಗುತ್ತಲ್ಲ! ಅಳತೆಯನ್ನೇ ಗುರಿ ಮಾಡಿದ್ರೆ ಅದು ಅಳತೆಯಾಗಿ ಉಳಿಯಲ್ಲ ಅನ್ನೋ ಗುಡ್‌ಹಾರ್ಟ್ ನಿಯಮ ನನ್ನ ಮೇಲೇ ಪ್ರಯೋಗ ಆಯ್ತು. ಅರ್ಧಕ್ಕರ್ಧ ಕತ್ತರಿಸಿದೆ.

ಸುಮ್ನೆ_ಬಂದೆ
ಈ ಹಿನ್ನೆಲೆಯಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಹೌದು.

ಗುರಿಕಾರ
😄 ಸರಿ, ಒಂದು ಅಂಕ ನಿಮಗೆ. ಆದ್ರೂ ಏನೂ ಎಣಿಸದೆ ಇರೋದಕ್ಕೆ ನಾನು ಒಪ್ಪಲ್ಲ.

ಸೈಟ್_ಇಂಜಿನಿಯರ್
ಅರ್ಧಪುಟ ಅವರೇ, ಹೊಸ ಯೋಜನೆಗೆ ಕೈ ಹಾಕೋ ಮುಂಚೆ ಒಂದು ಕೆಲಸ ಮಾಡಿ. ಗ್ಯಾರಿ ಕ್ಲೈನ್ ಅನ್ನೋ ಮನಶ್ಶಾಸ್ತ್ರಜ್ಞರು ಇದನ್ನ ಪ್ರಿ-ಮಾರ್ಟಮ್ ಅಂತಾರೆ, ಸಾಯೋಕೆ ಮುಂಚೆಯೇ ಶವಪರೀಕ್ಷೆ. ಏಳು ತಿಂಗಳು ಕಳೆದಿದೆ, ಯೋಜನೆ ನೆಲಕಚ್ಚಿದೆ ಅಂತ ಅಂದುಕೊಳ್ಳಿ. "ಕಚ್ಚಬಹುದು" ಅಲ್ಲ, ಕಚ್ಚಿ ಆಗಿದೆ. ಯಾಕೆ ಅಂತ ಹತ್ತು ನಿಮಿಷ ಬರೀರಿ. ನಮ್ಮ ಸೈಟಲ್ಲಿ ಮಾಡಿಸಿದಾಗ, ಮೀಟಿಂಗ್‌ನಲ್ಲಿ ಬಾಯೇ ಬಿಡದ ಹುಡುಗ ಬರೆದ ಒಂದು ಸಾಲು ಒಂದು ತಿಂಗಳು ಉಳಿಸಿತ್ತು.

ಜ್ವರ, ಆಫೀಸು ಅಂತ ಬರೆದು ನಿಲ್ಲಿಸಬೇಡಿ. ಮೊದಲ ಮೂರು ಕಾರಣ ಯಾವಾಗಲೂ ಮುಖಕ್ಕೆ ಹಚ್ಚಿಕೊಂಡ ಪೌಡರ್. ಐದನೇದೋ ಆರನೇದೋ ನಿಜವಾದ್ದು.

ಅರ್ಧಪುಟ
ಬರೆದೆ. ಇಲ್ಲಿ ಹಾಕ್ತೀನಿ, ನಗಬೇಡಿ.

ಒಂದು ಆಫೀಸು. ಎರಡು ಆರೋಗ್ಯ. ಮೂರು ಗೈಡ್ ತಡ ಮಾಡಿದ್ರು (ಅಡಿಟಿಪ್ಪಣಿಯವರಿಗೆ ಧನ್ಯವಾದ). ನಾಲ್ಕು ಅಂದಾಜೇ ಸುಳ್ಳು. ಐದಕ್ಕೆ ಬಂದಾಗ ಪೆನ್ನು ನಿಂತಿತು. ಎದ್ದು ಹೋಗಿ ನೀರು ಕುಡಿದು ಬಂದು ಬರೆದೆ: "ಮೂರನೇ ಅಧ್ಯಾಯದಲ್ಲಿ ಏನು ವಿಶ್ಲೇಷಣೆ ಮಾಡಬೇಕು ಅಂತಲೇ ನನಗೆ ಗೊತ್ತಿಲ್ಲ."

ಯೋಜನೆಯಲ್ಲಿ ಅದಕ್ಕೆ ಹಸಿರು ಬಣ್ಣ ಕೊಟ್ಟಿದ್ದೆ. "ಅಧ್ಯಾಯ 3: ವಿಶ್ಲೇಷಣೆ, 6 ವಾರ." ಐದನೇ ತಿಂಗಳಿಗೆ ತಳ್ಳಿದ್ದೆ. ಈಗ ನೋಡಿದ್ರೆ ನಾಲ್ಕನೇದೂ ಐದನೇದೂ ಅದರ ಮೇಲೇ ನಿಂತಿವೆ. ಸಂಗ್ರಹಿಸಿದ ದತ್ತಾಂಶ ನನ್ನ ಪ್ರಶ್ನೆಗೆ ಉತ್ತರ ಕೊಡುತ್ತಾ ಇಲ್ವಾ ಅನ್ನೋ ಅನುಮಾನ ಒಂದು ವರ್ಷದಿಂದ ಇದೆ. ಯಾರ ಹತ್ರಾನೂ ಹೇಳಿಲ್ಲ. ಛಾವಣಿ ಲೆಕ್ಕ ಬಗೆಹರಿಯದೆ ಅಡಿಪಾಯ ಹಾಕಿದ್ರು ಅಂದ್ರಲ್ಲ, ಆ ವಾಕ್ಯ ಎರಡು ಸಲ ಓದಿ ಅಂದಿದ್ದು ಈಗ ಅರ್ಥ ಆಯ್ತು. ಜ್ವರ ಬಂದಿದ್ದು ನಿಜ. ಆದರೆ ಒಂದು ತಿಂಗಳು ಫೈಲ್ ತೆರೆಯದೆ ಇದ್ದಿದ್ದು ಜ್ವರದಿಂದಲ್ಲ.

ನೈಟ್_ಶಿಫ್ಟ್
ಇದನ್ನ ಬರೆಯೋಕೆ ಧೈರ್ಯ ಬೇಕು. ನಗೋ ವಿಷಯ ಅಲ್ಲ.

ಕೆಂಪು_ಶಾಯಿ
ನನ್ನದೂ ಮೂರನೇ ಅಧ್ಯಾಯವೇ. ಗೈಡ್ ಮುಂದೆ "ಗೊತ್ತಿಲ್ಲ" ಅಂದ ದಿನ ಅವರು ಬೈಯಲಿಲ್ಲ, ಕುರ್ಚಿ ಎಳ್ಕೊಂಡು ಕೂತರು. ಇದು ಎಲ್ಲರಿಗೂ ಹೀಗೇ ಆಗುತ್ತೆ ಅಂತ ಭರವಸೆ ಕೊಡೋಕಾಗಲ್ಲ, ಕೆಲವರು ಬೈತಾರೆ. ಆದರೆ ಐದನೇ ತಿಂಗಳಲ್ಲಿ ಬೈಸಿಕೊಳ್ಳೋದಕ್ಕಿಂತ ಈಗಲೇ ಅಗ್ಗ.

ಅಡಿಟಿಪ್ಪಣಿ
ಒಂದು ಕುತೂಹಲದ ಸಂಗತಿ. 2011ರಲ್ಲಿ ಮಸಿಕಾಂಪೊ ಮತ್ತು ಬೌಮೈಸ್ಟರ್ ಅನ್ನೋ ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿ ತೋರಿಸಿದ್ದು: ಮುಗಿಯದ ಕೆಲಸ ತಲೆ ತಿಂತಾ ಇರುತ್ತಲ್ಲ, ಅದಕ್ಕೊಂದು ನಿರ್ದಿಷ್ಟ ಯೋಜನೆ ಮಾಡಿದ ಕೂಡಲೇ, ಕೆಲಸ ಮುಗಿಯದಿದ್ರೂ ಆ ಕಾಟ ಕಮ್ಮಿಯಾಗುತ್ತೆ. ಮಾಮೂಲಿಯಾಗಿ ಇದು ವರ. ಆದರೆ ಹಸಿರು ಚೌಕ ಎಳೆದ ದಿನ ನಿಮಗೆ ಸಿಕ್ಕ ಸಮಾಧಾನ ಇದೇ ಇರಬೇಕು ಅನ್ನಿಸುತ್ತೆ. ಗೋಡೆಗೆ ಅಂಟಿಸಿದಾಗ ಅರ್ಧ ಪ್ರಬಂಧ ಮುಗಿಸಿದ ಹಾಗಿತ್ತು ಅಂತ ನೀವೇ ಬರೆದಿದ್ದೀರಿ. (ಇದು ನನ್ನ ಊಹೆ, ಅಧ್ಯಯನದ ಮಾತಲ್ಲ.)

ಹಂಗೇ_ಹೋಗೋಣ
ನಾನು ಹೇಳಿದ್ದೂ ಇದೇ ತಾನೇ, ಬೇರೆ ಮಾತಲ್ಲಿ?

ಸೈಟ್_ಇಂಜಿನಿಯರ್
ಅಲ್ಲ. ನೀವು ಹರಿದು ಹಾಕಿ ಅಂದ್ರಿ. ಹರಿದಿದ್ರೆ ಆ ಹಸಿರು ಚೌಕ ಕಾಣಿಸ್ತಾನೇ ಇರಲಿಲ್ಲ.

ಹಂಗೇ_ಹೋಗೋಣ
...ಸರಿ, ಅದೂ ಹೌದು. ಆದ್ರೆ 14 ಪುಟ ಜಾಸ್ತಿ.

ಸೈಟ್_ಇಂಜಿನಿಯರ್
14 ಪುಟ ಜಾಸ್ತಿಯೇ.

ಮುಂಜಾನೆ_ಐದು
ಎಲ್ಲರೂ ಒಪ್ಪಿದ್ದು ಖುಷಿ! ಬೆಳಿಗ್ಗೆ ಐದಕ್ಕೆ ಏಳುವ ಬಗ್ಗೆ ಯಾರೂ ಮಾತಾಡಲೇ ಇಲ್ಲ?

ನೈಟ್_ಶಿಫ್ಟ್
ಐದಕ್ಕೆ ನಾನು ಮಲಗೋಕೆ ಹೋಗ್ತೀನಿ ಸಾರ್.

ಅರ್ಧಪುಟ (ಮೂರು ವಾರದ ನಂತರ)
ಕೇಳಿದವರಿಗೆ ವರದಿ. ಹಳೇ ಹಾಳೆ ಗೋಡೆಯಿಂದ ಇಳಿಸಿದೆ. ಹೊಸದು ಒಂದೇ ಪುಟ, ಬಣ್ಣ ಇಲ್ಲ. ಮೇಲೆ ಮೂರನೇ ಅಧ್ಯಾಯದ ಪ್ರಶ್ನೆ, ಅದು ತೀರ್ಮಾನ ಆಗೋವರೆಗೆ ಅದರ ಕೆಳಗೆ ತಾರೀಖು ಬರೆಯಲ್ಲ ಅಂತ ಬಿಟ್ಟಿದ್ದೀನಿ. ಖಾಲಿ ಜಾಗ ನೋಡೋಕೆ ಹಿಂಸೆ, ಆದರೂ ತುಂಬಿಲ್ಲ. ಪಕ್ಕದಲ್ಲಿ ನೈಟ್_ಶಿಫ್ಟ್ ಅವರ ಮೂರು ಥರದ ದಿನ. ಇಲ್ಲಿವರೆಗೆ ಒಳ್ಳೇದು 5, ಮಾಮೂಲಿ 9, ಕೆಟ್ಟದ್ದು 7. ಒಂದು ದಿನವೂ ಖಾಲಿ ಇಲ್ಲ.

ಗೈಡ್‌ಗೆ ಇಮೇಲ್ ಕಳಿಸಿದೆ. ನಾಲ್ಕು ಸಾಲು ಬರೆಯೋಕೆ ಒಂದು ಸಂಜೆ ಹಿಡೀತು. ಉತ್ತರ ಇನ್ನೂ ಬಂದಿಲ್ಲ. "ಗುರುವಾರದೊಳಗೆ ಬರದಿದ್ರೆ ಫೋನ್ ಮಾಡೋದು" ಅಂತ ಎರೆಮಣ್ಣು ಅವರ ಥರ ಬರೆದು ಅಂಟಿಸಿದ್ದೀನಿ. ಸಲ್ಲಿಕೆಯ ಅವಧಿ ವಿಸ್ತರಣೆಗೆ ಅರ್ಜಿಯನ್ನೂ ಹಾಕಿದೆ, 40 ವಾರದ ಲೆಕ್ಕ ತೋರಿಸಿ.

ಎರೆಮಣ್ಣು
ಇವತ್ತ ಬುಧವಾರ ಐತ್ರಿ.

ಅರ್ಧಪುಟ
ಗೊತ್ತು. ಫೋನ್ ಚಾರ್ಜ್‌ಗೆ ಹಾಕಿದ್ದೀನಿ.

ಸುಮ್ನೆ_ಬಂದೆ
ಆ ಹಳೇ 14 ಪುಟ ಬಿಸಾಕಿಲ್ಲ ಅಂದ್ರೆ ನನಗೆ ಕಳಿಸಿ. ನಾನೂ ಏನೋ ಒಂದು ಶುರು ಮಾಡಬೇಕು ಅಂತಿದ್ದೀನಿ.

ಅರ್ಧಪುಟ
ಏನು ಶುರು ಮಾಡೋದು ಅಂತ ಗೊತ್ತಾ?

ಸುಮ್ನೆ_ಬಂದೆ
ಇಲ್ಲ. ಅದಕ್ಕೂ ಒಂದು ಬಣ್ಣ ಇದ್ಯಲ್ಲ?